ಅಭಿಮಾನಿ ಪೇಜ್‌ನ ವಿಡಿಯೊ ಮ್ಯೂಟ್ ಆಗುವುದೇಕೆ? ಹರಿದಾಡುವ ನಾಲ್ಕು ನಂಬಿಕೆಗಳು ಮತ್ತು ನಿಜಾಂಶ

ನವೆಂಬರ್ 1ರ ರಾಜ್ಯೋತ್ಸವ ಎಂದರೆ ಬೆಳಗಾವಿಯಲ್ಲಿ ದೊಡ್ಡ ಹಬ್ಬ. ರಾಣಿ ಚನ್ನಮ್ಮ ವೃತ್ತದಲ್ಲಿ ಜನಸಾಗರ, ಡಿಜೆಯಲ್ಲಿ ಕನ್ನಡ ಸಿನಿಮಾ ಹಾಡು, ಕೈಯಲ್ಲಿ ಕೆಂಪು-ಹಳದಿ ಬಾವುಟ, ಅಪ್ಪು ಫೋಟೊ. ಹಿಂದವಾಡಿಯ ಹುಡುಗನೊಬ್ಬ ಆ ಮೆರವಣಿಗೆಯ ವಿಡಿಯೊವನ್ನು ಪುನೀತ್ ಅಭಿಮಾನಿಗಳ ಪೇಜ್‌ಗೆ ಹಾಕಿದ ಎಂದುಕೊಳ್ಳಿ. ಸ್ವಲ್ಪ ಹೊತ್ತಿನಲ್ಲೇ ಅದರ ಧ್ವನಿ ಬಂದ್. ಆಮೇಲೆ ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಶುರುವಾಗುತ್ತದೆ: "ಕನ್ನಡದ ವಿಡಿಯೊ ಅಂತ ತೆಗೆದಿದ್ದಾರೆ, ಎಲ್ಲರಿಗೂ ಕಳಿಸಿ!" ಭಾಷೆಯ ವಿಷಯ ಮೊದಲೇ ಸೂಕ್ಷ್ಮವಾಗಿರುವ ಊರಿನಲ್ಲಿ ಇಂಥ ಸಂದೇಶ ಸುಮ್ಮನೆ ಜಗಳ ಹಚ್ಚಬಲ್ಲದು. ಹಾಗಾಗಿ ನಿಜವಾಗಿ ಏನಾಗುತ್ತದೆ ಎಂದು ನೋಡೋಣ.

ನಂಬಿಕೆ 1: ಕನ್ನಡದ ವಿಡಿಯೊ ಎಂದೇ ತೆಗೆಯುತ್ತಾರೆ

ನಿಜಾಂಶ: ಹಾಡಿರುವ ವಿಡಿಯೊ ಮ್ಯೂಟ್ ಆಗಲು ಸಾಮಾನ್ಯ ಕಾರಣ ಕಾಪಿರೈಟ್. ಯೂಟ್ಯೂಬ್‌ನಲ್ಲಿ 2007ರಿಂದ 'ಕಂಟೆಂಟ್ ಐಡಿ' ಎಂಬ ವ್ಯವಸ್ಥೆ ಇದೆ. ಹಾಡಿನ ಹಕ್ಕು ಇರುವ ಕಂಪನಿ ತನ್ನ ಹಾಡನ್ನು ಅಲ್ಲಿ ಮೊದಲೇ ಕೊಟ್ಟಿರುತ್ತದೆ. ಕಂಪ್ಯೂಟರ್ ಆ ಹಾಡಿಗೆ ಬೆರಳಚ್ಚಿನಂಥ ಗುರುತು ಮಾಡಿಟ್ಟುಕೊಂಡು, ನೀವು ಹಾಕುವ ವಿಡಿಯೊದ ಜೊತೆ ಹೋಲಿಸುತ್ತದೆ. ಹಾಡು ಡಿಜೆಯಿಂದ ಹಿನ್ನೆಲೆಯಲ್ಲಿ ಕೇಳಿಬಂದರೂ ಸಿಕ್ಕಿಬೀಳಬಹುದು. ಹೊಂದಿಕೆಯಾದರೆ ವಿಡಿಯೊ ತಡೆಯಬೇಕೋ, ಅದರ ಜಾಹೀರಾತಿನ ಹಣ ತಾನು ಪಡೆಯಬೇಕೋ ಎಂದು ಆ ಕಂಪನಿ ತೀರ್ಮಾನಿಸುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲೂ ಇಂಥದ್ದೇ ಏರ್ಪಾಡಿದೆ. ಮರಾಠಿ, ಹಿಂದಿ ಹಾಡಿಗೂ ಇದೇ ನಿಯಮ.

ಹಾಗಂತ ಅಭಿಮಾನಿಗಳ ಸಿಟ್ಟು ಪೂರ್ತಿ ಸುಳ್ಳಲ್ಲ. ಕಂಪ್ಯೂಟರ್‌ಗೆ ಹಾಡು ಗೊತ್ತಾಗುತ್ತದೆ, ಹಬ್ಬ ಗೊತ್ತಾಗುವುದಿಲ್ಲ. ಕದ್ದು ಹಾಕಿದ ಸಿನಿಮಾ ಯಾವುದು, ರಸ್ತೆಯ ಮೆರವಣಿಗೆ ಯಾವುದು ಎಂಬ ವಿವೇಚನೆ ಅದಕ್ಕಿಲ್ಲ.

ನಂಬಿಕೆ 2: 30 ಸೆಕೆಂಡಿಗಿಂತ ಕಡಿಮೆ ಇದ್ದರೆ ತೊಂದರೆ ಇಲ್ಲ

ನಿಜಾಂಶ: ಭಾರತದ ಕಾಪಿರೈಟ್ ಕಾಯ್ದೆಯಲ್ಲಿ (1957) ಇಷ್ಟು ಸೆಕೆಂಡ್ ಬಳಸಬಹುದು ಎಂಬ ಲೆಕ್ಕ ಇಲ್ಲ. ವಿಮರ್ಶೆ, ಸುದ್ದಿ, ಖಾಸಗಿ ಬಳಕೆಯಂಥ ಉದ್ದೇಶಗಳಿಗೆ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಅಲ್ಲಿ ನೋಡುವುದು ಉದ್ದೇಶವನ್ನು, ಗಡಿಯಾರವನ್ನಲ್ಲ. ಕೆಳಗೆ "ಹಾಡಿನ ಹಕ್ಕು ಮಾಲೀಕರದ್ದೇ" ಎಂದು ಬರೆದರೂ ಅನುಮತಿ ಸಿಕ್ಕಂತೆ ಆಗುವುದಿಲ್ಲ.

ನಮ್ಮಲ್ಲೇ ಒಂದು ಉದಾಹರಣೆ ಇದೆ. 2022ರಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ 'ಕೆಜಿಎಫ್ ಚಾಪ್ಟರ್ 2' ಹಾಡು ಬಳಸಿದ್ದಾರೆ ಎಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಕೋರ್ಟಿಗೆ ಹೋಯಿತು. ನವೆಂಬರ್ 7ರಂದು ಬೆಂಗಳೂರಿನ ನ್ಯಾಯಾಲಯ ಕಾಂಗ್ರೆಸ್‌ನ ಟ್ವಿಟರ್ ಖಾತೆಯನ್ನೇ ತಡೆಯಲು ಆದೇಶಿಸಿತು. ಮರುದಿನ ಹೈಕೋರ್ಟ್ ಆ ಆದೇಶ ರದ್ದು ಮಾಡಿತಾದರೂ, ಹಾಡಿರುವ ತುಣುಕುಗಳನ್ನು ತೆಗೆಯಬೇಕು ಎಂಬ ಷರತ್ತು ಹಾಕಿತು. ರಾಷ್ಟ್ರೀಯ ಪಕ್ಷಕ್ಕೇ ಇಲ್ಲದ ರಿಯಾಯಿತಿ ನಮ್ಮ ಫ್ಯಾನ್ ಪೇಜ್‌ಗೆ ಸಿಗುತ್ತದೆಯೇ?

ನಂಬಿಕೆ 3: ಸಾವಿರ ಜನ ರಿಪೋರ್ಟ್ ಮಾಡಿದರೆ ಯಾವ ಪೇಜ್ ಬೇಕಾದರೂ ಹೋಗುತ್ತದೆ

ನಿಜಾಂಶ: ಎಷ್ಟು ಜನ ರಿಪೋರ್ಟ್ ಮಾಡಿದರು ಎಂಬುದರ ಮೇಲೆ ಪೋಸ್ಟ್ ತೆಗೆಯುವ ತೀರ್ಮಾನ ಆಗುವುದಿಲ್ಲ, ಅದು ನಿಯಮ ಮೀರಿದೆಯೇ ಎಂಬುದಷ್ಟೇ ಮುಖ್ಯ ಎಂದು ಫೇಸ್‌ಬುಕ್ ಹೇಳುತ್ತದೆ. ಆದ್ದರಿಂದ "ಆ ನಟನ ಪೇಜ್ ರಿಪೋರ್ಟ್ ಮಾಡಿ" ಎಂಬ ಫಾರ್ವರ್ಡ್‌ನಿಂದ ದ್ವೇಷ ಬೆಳೆಯುವುದೇ ಹೆಚ್ಚು. ಬೈಗುಳ, ಅಶ್ಲೀಲ ಸಂದೇಶಗಳ ವಿಷಯ ಮಾತ್ರ ಬೇರೆ. 2025ರ ಜುಲೈನಲ್ಲಿ ನಟಿ ರಮ್ಯಾ ಇಂಥ ಸಂದೇಶಗಳ ಬಗ್ಗೆ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟ ಮೇಲೆ ಹಲವರ ಬಂಧನವಾಯಿತು. ಅಭಿಮಾನದ ಹೆಸರಿನಲ್ಲಿ ಬರೆದರೂ ಕೇಸ್ ಬೀಳುವುದು ಬರೆದವರ ಮೇಲೆಯೇ.

ನಂಬಿಕೆ 4: ಪೇಜ್ ನಾವು ಕಟ್ಟಿದ್ದು, ಹಾಗಾಗಿ ನಮ್ಮದು

ನಿಜಾಂಶ: ನೀವು ತೆಗೆದ ಫೋಟೊ ನಿಮ್ಮದು. ಆದರೆ ಪೇಜ್ ಬಾಡಿಗೆ ಮನೆ ಇದ್ದಂತೆ. ಖಾತೆ ತೆರೆಯುವಾಗ 'ಒಪ್ಪುತ್ತೇನೆ' ಒತ್ತಿದ ಕ್ಷಣವೇ ನಿಮ್ಮ ಪೋಸ್ಟ್ ಬಳಸಲು ಕಂಪನಿಗೆ ಅನುಮತಿ ಕೊಟ್ಟಾಗಿರುತ್ತದೆ. "ನನ್ನ ಫೋಟೊ ಬಳಸಲು ಫೇಸ್‌ಬುಕ್‌ಗೆ ಅನುಮತಿ ಇಲ್ಲ" ಎಂದು ಗೋಡೆಗೆ ಹಾಕಿದರೆ ಆ ಒಪ್ಪಂದ ಬದಲಾಗುವುದಿಲ್ಲ.

ಮಾಲೀಕ ಮನೆಯನ್ನೇ ಮುಚ್ಚಲೂಬಹುದು. ಕನ್ನಡ ಸಿನಿಮಾ ಅಭಿಮಾನಿಗಳೂ ಗುಂಪು ಕಟ್ಟಿಕೊಂಡಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. 2020ರ ಜೂನ್ 29ರಂದು ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಟಿಕ್‌ಟಾಕ್ ಕೂಡ ಇತ್ತು. ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಕನ್ನಡದಲ್ಲೇ ಶುರುವಾದ 'ಕೂ' 2024ರ ಜುಲೈನಲ್ಲಿ ಬಾಗಿಲು ಹಾಕುವುದಾಗಿ ಘೋಷಿಸಿತು. ಅಂದರೆ ನಮ್ಮವರದ್ದೇ ಆ್ಯಪ್ ಆಗಿದ್ದರೂ ಉಳಿದೇ ಉಳಿಯುತ್ತದೆ ಎನ್ನಲಾಗದು.

ಹೋಗುವುದು ಲೈಕ್‌ಗಳಷ್ಟೇ ಅಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಆಮೇಲೆ ಊರೂರಲ್ಲಿ ಅಭಿಮಾನಿಗಳು ನಡೆಸಿದ ನೇತ್ರದಾನ, ರಕ್ತದಾನ ಶಿಬಿರಗಳ ಎಷ್ಟೋ ಫೋಟೊಗಳು ಇರುವುದು ಇಂಥ ಪೇಜ್‌ಗಳಲ್ಲೇ. ಪೇಜ್ ಹೋದರೆ ಆ ನೆನಪೂ ಹೋಗುತ್ತದೆ.

ಪೇಜ್ ನಡೆಸುವವರು ಏನು ಮಾಡಬೇಕು?

• ಪೇಜ್‌ಗೆ ಕನಿಷ್ಠ ಇಬ್ಬರು ನಂಬಿಕಸ್ಥ ಅಡ್ಮಿನ್‌ಗಳಿರಲಿ. ಒಬ್ಬರ ಖಾತೆ ಲಾಕ್ ಆದರೂ ಪೇಜ್ ಉಳಿಯುತ್ತದೆ.

• ಮೂಲ ಫೋಟೊ, ವಿಡಿಯೊಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ಇಡಿ. ಫೇಸ್‌ಬುಕ್ ಮತ್ತು ಗೂಗಲ್ ಎರಡರಲ್ಲೂ ನಿಮ್ಮ ಮಾಹಿತಿ ಡೌನ್‌ಲೋಡ್ ಮಾಡಿಕೊಳ್ಳುವ ಸೌಲಭ್ಯ ಇದೆ.

• ಯೂಟ್ಯೂಬ್‌ನಲ್ಲಿ 'ಕ್ಲೇಮ್' ಬೇರೆ, 'ಸ್ಟ್ರೈಕ್' ಬೇರೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ಆ ವಿಡಿಯೊಗೆ ಮಾತ್ರ ತೊಂದರೆ. 90 ದಿನಗಳೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು.

• ತಪ್ಪಾಗಿ ತೆಗೆದಿದ್ದಾರೆ ಅನಿಸಿದರೆ ಮೊದಲು ಆ್ಯಪ್‌ನಲ್ಲೇ ಮೇಲ್ಮನವಿ ಹಾಕಿ. 2021ರ ಐಟಿ ನಿಯಮಗಳ ಪ್ರಕಾರ ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು, ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು. ಅಲ್ಲೂ ನ್ಯಾಯ ಸಿಗದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಗ್ರೀವನ್ಸ್ ಅಪೆಲೆಟ್ ಕಮಿಟಿಗೆ ಆನ್‌ಲೈನ್‌ನಲ್ಲಿ ದೂರಬಹುದು.

• "ನಿಮ್ಮ ಪೇಜ್ 24 ಗಂಟೆಯಲ್ಲಿ ಡಿಲೀಟ್ ಆಗುತ್ತದೆ, ಈ ಲಿಂಕ್ ಒತ್ತಿ" ಎಂಬ ಮೆಸೇಜ್ ಬಂದರೆ ಒತ್ತಬೇಡಿ. ಪಾಸ್‌ವರ್ಡ್ ಕದಿಯುವವರು ಅಭಿಮಾನಿಗಳ ಇದೇ ಭಯವನ್ನು ಬಳಸಿಕೊಳ್ಳುತ್ತಾರೆ. ನಿಜವಾದ ಎಚ್ಚರಿಕೆ ಆ್ಯಪ್‌ನ ಒಳಗೇ ಕಾಣಿಸುತ್ತದೆ, ಅಲ್ಲೇ ನೋಡಿ.

ಮುಂದಿನ ಸಲ "ಕನ್ನಡ ಅಂತ ತೆಗೆದರು" ಎಂಬ ಸಂದೇಶ ಬಂದರೆ, ಕಳಿಸಿದವರನ್ನು ಒಂದೇ ಮಾತು ಕೇಳಿ: ಆ ವಿಡಿಯೊದಲ್ಲಿ ಯಾವ ಹಾಡು ಇತ್ತು?