ಎಣ್ಣೆ ಎಂದರೆ ಯಾವ ಎಣ್ಣೆ?

ಕಳೆದ ಮಳೆಗಾಲದಲ್ಲಿ ನನ್ನ ಬಳಿ ಅನುವಾದಕ್ಕೆ ಬಂದದ್ದು ಆಟಿಕೆಯ ಉಗಿ ಎಂಜಿನ್ನಿನ ಕೈಪಿಡಿ. ಅಂಗೈಯಗಲದ ಹಿತ್ತಾಳೆ ಬಾಯ್ಲರು, ಕಿರುಬೆರಳಿನ ಗಾತ್ರದ ಸಿಲಿಂಡರು, ಕೆಳಗೆ ಪುಟ್ಟ ಬರ್ನರು. ಎಂಟೇ ಪುಟ, ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಎರಡು ಪದಗಳು ಒಂದು ವಾರ ತಿಂದವು. ಒಂದು ‘ಆಯಿಲ್’, ಇನ್ನೊಂದು ‘ಸ್ಪಿರಿಟ್’. ಇವುಗಳಿಗೆ ಕನ್ನಡದಲ್ಲಿ ಏನು ಬರೆದರೆ ಹನ್ನೆರಡು ವರ್ಷದ ಹುಡುಗಿ ತಪ್ಪು ಬಾಟಲಿಗೆ ಕೈಹಾಕುವುದಿಲ್ಲ? ಉತ್ತರ ಹುಡುಕುತ್ತ ಹೋದಂತೆ ಮುಂಬಯಿಯ ಹಳೆಯ ಎಣ್ಣೆಗಳ ಚರಿತ್ರೆ ಎದುರಾಯಿತು.

ಪದದಿಂದಲೇ ಶುರುಮಾಡೋಣ. ಎಳ್ಳಿನ ನೆಯ್ ಎಣ್ಣೆಯಾಯಿತು. ನೆಯ್ ಎಂದರೆ ಜಿಡ್ಡು, ತುಪ್ಪ. ಸಂಸ್ಕೃತದ ತೈಲವೂ ತಿಲದಿಂದಲೇ ಹುಟ್ಟಿದ್ದು. ಎಳ್ಳಿಗೆ ಅಂಟಿಕೊಂಡಿದ್ದ ಪದ ಆಮೇಲೆ ಎಲ್ಲ ಜಿಡ್ಡಿಗೂ ಹರಡಿತು. ಹಡಗಿನಲ್ಲಿ ಬಂದ ಕೆರೋಸಿನ್ ದಕ್ಷಿಣದಲ್ಲಿ ಸೀಮೆಎಣ್ಣೆಯಾಯಿತು, ಕರಾವಳಿ ಮತ್ತು ಉತ್ತರದಲ್ಲಿ ಚಿಮಣಿ ಎಣ್ಣೆಯಾಯಿತು. ಮುಂಬಯಿಯ ಮರಾಠಿಯಲ್ಲಿ ಅದು ರಾಕೆಲ್, ಇಲ್ಲವೇ ಘಾಸಲೇಟ್. ಒಂದು ‘ರಾಕ್ ಆಯಿಲ್’ನಿಂದ, ಇನ್ನೊಂದು ‘ಗ್ಯಾಸ್ ಲೈಟ್’ನಿಂದ ಬಂದದ್ದು. ಇಂದಿನ ಆಡುಮಾತಿನಲ್ಲಿ ‘ಎಣ್ಣೆ ಹಾಕುವುದು’ ಎಂದರೆ ಹೆಂಡ ಕುಡಿಯುವುದು. ಕೈಪಿಡಿ ಅನುವಾದಿಸುವವಳಿಗೆ ಇದು ತಮಾಷೆಯ ವಿಷಯವಲ್ಲ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಸುಮಾರು 34 ಕಿಲೋಮೀಟರ್ ದೂರ ಮೊದಲ ರೈಲು ಓಡಿತು. ಎಳೆದ ಮೂರು ಎಂಜಿನ್ನುಗಳಿಗೆ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಹೆಸರುಗಳಿದ್ದವು. ಮರುವರ್ಷ ಕಾವಸ್‌ಜಿ ದಾವರ್ ನಗರದ ಮೊದಲ ಹತ್ತಿ ಗಿರಣಿಗೆ ಕಂಪನಿ ಕಟ್ಟಿದರು. ರೈಲಿಗೂ ಗಿರಣಿಗೂ ಒಂದೇ ಹಸಿವು: ಉರಿಸಲು ಇಂಧನ, ಸವೆಯದಂತೆ ತಡೆಯಲು ಜಿಡ್ಡು. ಆ ಶತಮಾನದ ಭಾರತೀಯ ರೈಲುಗಳಲ್ಲಿ ದೀಪಕ್ಕೂ ಕೀಲಿಗೂ ಹರಳೆಣ್ಣೆ ಬಳಕೆಯಲ್ಲಿತ್ತು. ನಮ್ಮ ಕಡೆಯ ರೈತರಿಗೆ ಇದರಲ್ಲಿ ಹೊಸತೇನಿಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಗೂ ಬಳಸುತ್ತಿದ್ದದ್ದು ಅದೇ ಹರಳೆಣ್ಣೆ. ಗಾಡಿಯ ಅಚ್ಚಿನಿಂದ ರೈಲಿನ ಅಚ್ಚಿಗೆ ಅದು ಹತ್ತಿದ್ದು ಸಹಜವೇ ಆಗಿತ್ತು.

ಆದರೆ ಅಚ್ಚು ಬೇರೆ, ಸಿಲಿಂಡರು ಬೇರೆ. ಸಿಲಿಂಡರಿನೊಳಗೆ ಬಿಸಿ ಉಗಿ ನುಗ್ಗುತ್ತದೆ. ತೆಳ್ಳಗಿನ ಎಣ್ಣೆಯಾದರೆ ಉಗಿ ಅದನ್ನು ತೊಳೆದುಕೊಂಡು ಹೋಗುತ್ತದೆ. ಪ್ರಾಣಿಗಳ ಕೊಬ್ಬು ಆ ಕಾವಿನಲ್ಲಿ ಒಡೆದು ಆಮ್ಲವಾಗಿ ಲೋಹವನ್ನೇ ತಿನ್ನುತ್ತದೆ. ಸಸ್ಯದ ಎಣ್ಣೆ ಕಾಲಕ್ರಮೇಣ ಅಂಟಾಗುತ್ತದೆ. ಇದಕ್ಕೆ ಪರಿಹಾರ ಸಿಕ್ಕಿದ್ದು ಕಲ್ಲೆಣ್ಣೆಯಲ್ಲಿ. 1866ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ಹುಟ್ಟಿದ ವ್ಯಾಕ್ಯೂಮ್ ಆಯಿಲ್ ಕಂಪನಿ, ಉಗಿಯ ಸಿಲಿಂಡರಿಗೆಂದೇ ದಪ್ಪನೆಯ ಖನಿಜ ಎಣ್ಣೆ ಮಾಡಿ ಹೆಸರಾಯಿತು. ಗ್ಯಾರೇಜಿನ ಹುಡುಗರು ಇಂದಿಗೂ ಹೇಳುವ ‘ಮೊಬಿಲ್’ ಅದೇ ಮನೆತನದ್ದು. ಆ ಮನೆತನದ ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ಕಂಪನಿಯ ಸಂಸ್ಕರಣಾಗಾರ 1954ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ ಶುರುವಾಯಿತು. ಅದು ಮುಂದೆ ಎಸ್ಸೊ ಆಯಿತು, 1974ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. ಹರಳೆಣ್ಣೆಯೂ ಪೂರ್ತಿ ಸೋಲಲಿಲ್ಲ. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಮೋಟಾರು ಎಣ್ಣೆಗೆ ಅದನ್ನು ಬೆರೆಸಿತು. ಕ್ಯಾಸ್ಟರ್‌ನಿಂದ ‘ಕ್ಯಾಸ್ಟ್ರೊಲ್’ ಎಂಬ ಹೆಸರು ಬಂತು.

ಆಟಿಕೆಯ ಎಂಜಿನ್ನಿಗೂ ಇದೇ ನಿಯಮ. ಹೊಲಿಗೆ ಯಂತ್ರದ ಎಣ್ಣೆ ಚಕ್ರದ ಕೀಲಿಗೆ ಸರಿ, ಸಿಲಿಂಡರಿಗೆ ಅಲ್ಲ. ಅಲ್ಲಿಗೆ ಉಗಿ ಎಂಜಿನ್ನಿನ ದಪ್ಪ ಎಣ್ಣೆಯೇ ಬೇಕು, ಅದೂ ಕೆಲವೇ ಹನಿ. ಹಾಗಾಗಿ ಕೈಪಿಡಿಯಲ್ಲಿ ಎರಡು ಪದ ಇಟ್ಟೆ: ಹೊರಗಿನದಕ್ಕೆ ‘ಕೀಲೆಣ್ಣೆ’, ಒಳಗಿನದಕ್ಕೆ ‘ಸಿಲಿಂಡರ್ ಎಣ್ಣೆ’. ಅಡುಗೆಮನೆಯ ಎಣ್ಣೆ ಎರಡಕ್ಕೂ ಬೇಡ ಎಂದು ಒಂದು ಸಾಲು ಸೇರಿಸಿದೆ.

ಕಷ್ಟವಾದದ್ದು ‘ಸ್ಪಿರಿಟ್’. ಬ್ರಿಟನ್ನಿನ ಮಾಮಡ್ ಕಂಪನಿಯ ಆಟಿಕೆ ಎಂಜಿನ್ನುಗಳು ದಶಕಗಟ್ಟಲೆ ಸ್ಪಿರಿಟ್ಟಿನ ಮೇಲೇ ಓಡಿದವು. 1970ರ ದಶಕದಲ್ಲಿ ಸುರಕ್ಷತೆಗಾಗಿ ಘನ ಇಂಧನದ ಬಿಲ್ಲೆಗಳು ಬಂದವು. ಕಾರಣ ಸರಳ. ಸ್ಪಿರಿಟ್ಟಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಾಣಿಸುವುದೇ ಇಲ್ಲ. ಆರಿದೆ ಎಂದುಕೊಂಡು ಮತ್ತೆ ಸುರಿದರೆ ಬಾಟಲಿಗೇ ಬೆಂಕಿ. ಸ್ಪಿರಿಟ್ಟಿನ ಆವಿ ಹೊತ್ತಿಕೊಳ್ಳಲು ಸುಮಾರು 15 ಡಿಗ್ರಿ ಸೆಲ್ಸಿಯಸ್ ಕಾವು ಸಾಕು. ಮುಂಬಯಿಯಲ್ಲಿ ಜನವರಿಯ ಮುಂಜಾನೆಯೂ ಹೆಚ್ಚಾಗಿ ಅದಕ್ಕಿಂತ ಬೆಚ್ಚಗಿರುತ್ತದೆ. ಸೀಮೆಎಣ್ಣೆಗೆ ಆ ಗಡಿ 38 ಡಿಗ್ರಿಯ ಆಸುಪಾಸು. ಹರಳೆಣ್ಣೆಗೆ 200ಕ್ಕೂ ಮೇಲೆ. ಚೆಲ್ಲಿದರೂ ಬತ್ತಿಯಿಲ್ಲದೆ ಸುಲಭವಾಗಿ ಹೊತ್ತಿಕೊಳ್ಳದು.

ಇನ್ನೊಂದು ಅಪಾಯ ಪದದಲ್ಲೇ ಅಡಗಿದೆ. ಕುಡಿಯಬಾರದೆಂದು ಮದ್ಯಸಾರಕ್ಕೆ ವಿಷ ಬೆರೆಸಿದ್ದೇ ಈ ಇಂಧನ; ಬಹಳ ಸಲ ಆ ವಿಷ ಮೆಥನಾಲ್. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು, ಆಮೇಲೆ ಜೀವವನ್ನೇ ತೆಗೆಯುತ್ತದೆ. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಇಂಥ ಸ್ಪಿರಿಟ್ಟನ್ನೂ ಕಾನೂನಿನ ಕಣ್ಣಿಗೆ ತಂದಿತು. ಆದರೂ 2015ರ ಜೂನ್‌ನಲ್ಲಿ ಮಲಾಡಿನ ಮಾಲವಣಿಯಲ್ಲಿ ಮೆಥನಾಲ್ ಸೇರಿದ ಹೆಂಡ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಬಡವರು. ‘ಎಣ್ಣೆ’ ಎಂದರೆ ಹೆಂಡ, ‘ಸ್ಪಿರಿಟ್’ ಎಂದರೆ ಗಾಯಕ್ಕೆ ಹಚ್ಚುವುದು, ಮರಕ್ಕೆ ಪಾಲಿಶ್ ಹಾಕುವುದು, ಒಲೆ ಹೊತ್ತಿಸುವುದು — ಎಲ್ಲವೂ ಒಂದೇ ಹೆಸರಿನ ಬಾಟಲಿಯಲ್ಲಿ. ಇಂಥ ಮನೆಗೆ ಹೋಗುವ ಕೈಪಿಡಿಯಲ್ಲಿ ‘ಸ್ವಲ್ಪ ಸ್ಪಿರಿಟ್ ಹಾಕಿ’ ಎಂದು ಬರೆಯಲು ನನ್ನಿಂದಾಗಲಿಲ್ಲ.

ಆಗ ನೆನಪಾದದ್ದು ಜಾತ್ರೆಯ ತಗಡಿನ ದೋಣಿ. ನಮ್ಮ ಮಕ್ಕಳು ಕಂಡ ನಿಜವಾದ ಉಗಿ ಎಂಜಿನ್ ಅದೇ. 1891ರಲ್ಲಿ ತೋಮಾ ಪಿಯೊ ಎಂಬವನು ಬ್ರಿಟನ್ನಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ತೆಳುತಗಡಿನ ಪುಟ್ಟ ಬಾಯ್ಲರು, ಹಿಂದಕ್ಕೆ ಚಾಚಿದ ನಳಿಕೆ, ಕೆಳಗೆ ಬತ್ತಿ. ನೀರು ಉಗಿಯಾಗಿ ನಳಿಕೆಯ ನೀರನ್ನು ಹೊರಗೆ ತಳ್ಳುತ್ತದೆ. ಉಗಿ ತಣಿದಾಗ ನೀರು ಮತ್ತೆ ಒಳಬರುತ್ತದೆ. ಹೊರಹೋಗುವ ನೀರು ನೇರ ಚಿಮ್ಮುತ್ತದೆ, ಒಳಬರುವುದು ಸುತ್ತೆಲ್ಲದರಿಂದ ಬರುತ್ತದೆ. ಆದ್ದರಿಂದ ದೋಣಿ ಮುಂದಕ್ಕೇ ಹೋಗುತ್ತದೆ. ಪಿಸ್ಟನ್ ಇಲ್ಲ, ಕೀಲಿಲ್ಲ, ಹಾಗಾಗಿ ಕೀಲೆಣ್ಣೆಯೂ ಬೇಡ. ಉರಿಸಲು ದೇವರ ದೀಪದ ಎಣ್ಣೆಯೋ ಮೋಂಬತ್ತಿಯ ತುಂಡೋ ಸಾಕು. ಬಡವರ ಆಟಿಕೆ ಬೆಲೆಗಾಗಿ ಮಾಡಿಕೊಂಡ ಆಯ್ಕೆ ಹೆಚ್ಚು ಸುರಕ್ಷಿತವೂ ಆಗಿತ್ತು.

ಹಿತ್ತಾಳೆಯ ಎಂಜಿನ್ನಿಗೆ ಬತ್ತಿಯ ದೀಪದ ಕಾವು ಸಾಲದು. ಹಾಗಾಗಿ ಗಿರಾಕಿಗೆ ಒಂದು ಪತ್ರ ಬರೆದೆ: ಇಲ್ಲಿ ಮಾರುವ ಪೆಟ್ಟಿಗೆಗೆ ಬಿಲ್ಲೆಯ ಬರ್ನರನ್ನೇ ಕೊಡಿ, ಸ್ಪಿರಿಟ್ಟಿನ ಪುಟವನ್ನೇ ತೆಗೆದುಬಿಡಿ. ಅನುವಾದಕರಿಗೆ ಇಷ್ಟು ಅಧಿಕಾರವಿಲ್ಲ ಎಂದು ಗೊತ್ತಿತ್ತು. ಮೂರು ವಾರದ ಮೇಲೆ ಉತ್ತರ ಬಂತು. ಪುಟ ತೆಗೆಯಲಿಲ್ಲ; ಅದರ ಮೇಲೆ ಕೆಂಪಕ್ಷರದಲ್ಲಿ ಒಂದು ಎಚ್ಚರಿಕೆ ಹಾಕಲು ಒಪ್ಪಿದರು. ಅದರ ಮೊದಲ ಸಾಲು ನಾನು ಬರೆದದ್ದು: ‘ಇದು ಎಣ್ಣೆಯಲ್ಲ, ವಿಷ. ಇದರ ಬೆಂಕಿ ಕಣ್ಣಿಗೆ ಕಾಣುವುದಿಲ್ಲ.’