ಪುರಿ ತಿನ್ನೋ ಮೀನಿನ ಮರಿಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಅಂತ ವೀಕೆಂಡ್ ಸುತ್ತೋರು ಶೃಂಗೇರಿಗೆ ಹೋದ್ರೆ ಒಂದು ಕೆಲಸ ತಪ್ಪಿಸಲ್ಲ: ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಎಸೆಯೋದು. ನಾನೂ ಎಸೆದಿದ್ದೇನೆ. ನೀರು ಕುದಿಯೋ ಹಾಗೆ ಮುಗಿಬೀಳುವ ಆ ದಪ್ಪ ಮೀನುಗಳನ್ನ ನೋಡಿ, ಎಷ್ಟು ಆರೋಗ್ಯವಾಗಿವೆ ಅಂದ್ಕೊಂಡಿದ್ದೇನೆ. ತಾಯಿ ದಪ್ಪಗಿದ್ದ ಮಾತ್ರಕ್ಕೆ ಮರಿ ಬದುಕುತ್ತೆ ಅಂತೇನಿಲ್ಲ ಅನ್ನೋದು ತಿಳಿದದ್ದು ಆಮೇಲೆ, ಅದೂ ಸಾಲ್ಮನ್ ಮೀನಿನ ಕಥೆಯಿಂದ.

1974. ಸ್ವೀಡನ್ನಿನ ಮರಿ ಸಾಕಣೆ ಕೇಂದ್ರಗಳಲ್ಲಿ ಬಾಲ್ಟಿಕ್ ಸಾಲ್ಮನ್ ಮರಿಗಳು ಮೊಟ್ಟೆಯೊಡೆದು ಬಂದ ಕೆಲವೇ ವಾರಗಳಲ್ಲಿ ರಾಶಿರಾಶಿ ಸತ್ತವು. ಕಾಯಿಲೆಗೆ ಎಂ74 ಅಂತ ಹೆಸರಾಯ್ತು. 'ಎಂ' ಅಂದ್ರೆ ಸ್ವೀಡಿಷ್ ಭಾಷೆಯ 'ಮಿಲ್ಯೋ', ಪರಿಸರ. ಮಾಲಿನ್ಯದ್ದೇ ಕೆಲಸ ಅಂತ ಅನುಮಾನ. ನಿಜವಾದ ಕೊರತೆ ಗೊತ್ತಾಗಿದ್ದು 1990ರ ದಶಕದಲ್ಲಿ: ಮೊಟ್ಟೆಯಲ್ಲಿ ಥಯಾಮಿನ್, ಅಂದ್ರೆ ಬಿ1 ವಿಟಮಿನ್, ಸಾಕಷ್ಟಿರಲಿಲ್ಲ. ತಾಯಿ ಸಮುದ್ರದಲ್ಲಿ ತಿಂದ ಕೊಬ್ಬಿನ ಸಣ್ಣ ಮೀನುಗಳೇ ಅದಕ್ಕೆ ದಾರಿ ಮಾಡಿದ್ದವು. ಮರಿಗಳನ್ನ ಥಯಾಮಿನ್ ಬೆರೆಸಿದ ನೀರಿಗೆ ಬಿಟ್ರೆ ಚೇತರಿಸ್ಕೊಂಡವು! 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಇದೇ ಕಥೆ. ಚಿನೂಕ್ ಸಾಲ್ಮನ್ ಮರಿಗಳು ಗಿರಗಿರ ಸುತ್ತಿ ಸಾಯ್ತಿದ್ದವು. ತಾಯಂದಿರು ಹೆಚ್ಚಾಗಿ ತಿಂದಿದ್ದು ಆಂಚೊವಿ. ಅದರ ಮೈಯಲ್ಲಿ ಬಿ1 ಅನ್ನು ಒಡೆಯುವ ಕಿಣ್ವ ಇರುತ್ತೆ. ಹೊಟ್ಟೆ ತುಂಬಿತ್ತು, ಮೊಟ್ಟೆ ಬರಿದಾಗಿತ್ತು.

(ಇದೇ ವಿಟಮಿನ್ನಿನ ಜಾಡು ಮೊದಲು ಸಿಕ್ಕಿದ್ದು ಕೋಳಿಯಿಂದ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳೋದನ್ನ, ತೌಡಿರುವ ಅಕ್ಕಿ ಕೊಟ್ಟರೆ ಏಳೋದನ್ನ ನೋಡಿದ್ರು. ನೊಬೆಲ್ ಬಂದಿದ್ದು 1929ರಲ್ಲಿ.)

ನಮ್ಮ ಕಡೆ ಸಾಲ್ಮನ್ ಇಲ್ಲ, ಮಹಶೀರ್ ಇದೆ. ಅದರ ಸಂತಾನದ ಬಗ್ಗೆ ತಲೆಕೆಡಿಸಿಕೊಂಡವರಲ್ಲಿ ಒಬ್ರು ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. 1870ರಲ್ಲಿ ಜಿಲ್ಲೆಯ ಮೀನುಕೃಷಿ ಬಗ್ಗೆ ವರದಿ, 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಅನ್ನೋ ಗಾಳದ ಪುಸ್ತಕ. ಮಹಶೀರ್ ಎಲ್ಲಾ ಮೊಟ್ಟೆಯನ್ನೂ ಒಮ್ಮೆಗೇ ಇಡಲ್ಲ, ಕಂತಿನಲ್ಲಿ ಇಡುತ್ತೆ ಅಂತ ಅವರ ವಾದ. ಅದು ಸರಿಯಾದ್ರೆ ತಾಯಿ ಒಂದು ವಾರ ಚೆನ್ನಾಗಿ ತಿಂದ್ರೆ ಸಾಲದು, ತಿಂಗಳುಗಟ್ಟಲೆ ತಿನ್ನಬೇಕು. ಏನನ್ನ? ಏಡಿ, ಬಸವನಹುಳು, ಕೀಟ, ಸಣ್ಣ ಮೀನು, ದಡದ ಮರದಿಂದ ಉದುರೋ ಅತ್ತಿಹಣ್ಣು. ಪುರಿ ಅಂದ್ರೆ ಬಹುಪಾಲು ಬರೀ ಪಿಷ್ಟ.

ಮಠದ ಎದುರಿನ ಮಡುವಿನಲ್ಲಿ ಗಾಳ ಹಾಕೋ ಹಾಗಿಲ್ಲ. ದೇವರ ಹೆಸರಲ್ಲಿ ಉಳಿದ ಇಂಥ ಮಡುಗಳಿಗೆ ನಾನು ಋಣಿ. ಆದ್ರೆ ಆ ರಕ್ಷಣೆ ದೊಡ್ಡ ಮೀನಿಗೆ. ಮರಿಗಳ ಹಣೆಬರಹ ಬರೆಯೋದು ಮೇಲಿನ ಹೊಳೆ. ಮಳೆ ನೀರು ಏರಿದಾಗ ತಾಯಿ ಜಲ್ಲಿಗಲ್ಲು ಹುಡುಕ್ಕೊಂಡು ಅಲ್ಲಿಗೇ ಹೋಗ್ತಾಳೆ, ಮೈಯಲ್ಲಿ ಕೂಡಿಟ್ಟಿದ್ದನ್ನೇ ಮೊಟ್ಟೆಗೆ ತುಂಬಿಕೊಂಡು. ದಡದ ಅತ್ತಿಮರ ಕಡಿದು ತೋಟ ಒಂದಡಿ ಹೊಳೆಗೆ ಸರಿದ್ರೆ ಅವಳ ಊಟದಲ್ಲಿ ಒಂದು ಐಟಂ ಕಡಿಮೆ. ಕಳೆದ ಸಲ ಶೃಂಗೇರಿಗೆ ಹೋದಾಗ ಪುರಿ ಪ್ಯಾಕೆಟ್ ಕೊಂಡೆ. ಅರ್ಧ ನಾನೇ ತಿಂದೆ.