ಕಾವೇರಿಯಿಂದ ಕೋಲಾರಕ್ಕೆ ಹೋದ ಕರೆಂಟು

ಹೊಸೂರು, ಕೃಷ್ಣಗಿರಿ ಕಡೆಯ ನಿಮಗೆ ಹೊಗೇನಕಲ್ಲೂ ಗೊತ್ತು, ಕೋಲಾರದ ಚಿನ್ನದ ಗಣಿಯೂ ಗೊತ್ತು. ಹೊಗೇನಕಲ್ಲಿಗೆ ಬರುವ ಮೊದಲು ಕಾವೇರಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಅಲ್ಲಿಂದ 1902ರ ಜೂನ್ 30ರಂದು ಗಣಿಗಳಿಗೆ ವಿದ್ಯುತ್ ಹರಿಯಿತು. ದೂರ ಸುಮಾರು 147 ಕಿಲೋಮೀಟರು. ಯೋಜನೆಗೆ ಬೆನ್ನಾಗಿ ನಿಂತ ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು, ಪಾಪ.

ಅಷ್ಟು ದೂರ ಸಾಗಿಸಿದ್ದು ಹೇಗೆ? ಎಣ್ಣೆ ಹಚ್ಚದ ಒಣ ಕೂದಲು ಬಾಚಿ, ಬಾಚಣಿಗೆಯನ್ನು ಕಾಗದದ ಚೂರಿನ ಹತ್ತಿರ ಹಿಡಿಯಿರಿ, ಚೂರು ಅಂಟಿಕೊಳ್ಳುತ್ತದೆ. ಬಾಚಣಿಗೆಯಲ್ಲಿ ನಿಂತಿರುವುದು ವಿದ್ಯುದಾವೇಶ. ಅಂಥ ಆವೇಶ ತಂತಿಯಲ್ಲಿ ಚಲಿಸಿದರೆ ಕರೆಂಟು. ಅದನ್ನು ತಳ್ಳುವ ಒತ್ತಡ ವೋಲ್ಟೇಜು. ಕರೆಂಟು ಹೆಚ್ಚಿದಷ್ಟೂ ತಂತಿ ಬಿಸಿಯಾಗಿ ಶಕ್ತಿ ದಾರಿಯಲ್ಲೇ ಸೋರುತ್ತದೆ. ಒತ್ತಡವನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಹತ್ತನೇ ಒಂದು ಪಾಲು ಕರೆಂಟು ಸಾಕು, ಸೋರಿಕೆಯಂತೂ ನೂರನೇ ಒಂದು ಪಾಲಿಗೆ ಇಳಿಯುತ್ತದೆ! ಅದಕ್ಕೇ ಟ್ರಾನ್ಸ್‌ಫಾರ್ಮರಿನಿಂದ 35,000 ವೋಲ್ಟಿಗೆ ಏರಿಸಿ ಕಳಿಸಿದರು, ಗಣಿಯಲ್ಲಿ ಮತ್ತೆ ಇಳಿಸಿಕೊಂಡರು.

ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಚಿನ್ನದ ಕಂಪನಿಗೆ ಮೊದಲು, ಜನರಿಗೆ ಆಮೇಲೆ. ದಾರಿಯ ಹಳ್ಳಿಗಳು ಬಹಳ ವರ್ಷ ಬುಡ್ಡಿದೀಪದಲ್ಲೇ ಉಳಿದವು. ಒತ್ತಡ ಇಳಿಸುವ ಟ್ರಾನ್ಸ್‌ಫಾರ್ಮರು ಊರಿಗೆ ಬಾರದೆ, ತಲೆಯ ಮೇಲಿನ ಆ ತಂತಿಯಿಂದ ಒಂದು ಬಲ್ಬೂ ಉರಿಯುವಂತಿರಲಿಲ್ಲ.